ಸಂಚಿಯಲ್ಲಿ ಸಿಕ್ಕ ಪರದೇಶದ ದುಡ್ಡು

ಮನೆಯಲ್ಲಿ ಯಾವುದೋ ದೇಶದ ಹಳೆ ನಾಣ್ಯ ಇದ್ದರೆ ಬರೆದು ಕೇಳಿ ಎಂದು ಹೋದ ತಿಂಗಳು ಹೇಳಿದ್ದೆ. ಪತ್ರಗಳು, ಫೋಟೋಗಳು ರಾಶಿ ಬಂದಿವೆ. ಹೆಚ್ಚಿನವರ ಪ್ರಶ್ನೆ ಒಂದೇ: "ಇದಕ್ಕೆ ಎಷ್ಟು ಬರ್ತದೆ?" ನಾನು ಧಾರವಾಡದ ಬ್ಯಾಂಕೊಂದರಲ್ಲಿ ಮೂವತ್ತೊಂದು ವರ್ಷ ಕ್ಯಾಶ್ ಕೌಂಟರಿನಲ್ಲಿ ಕೂತವಳು. ಆ ಪ್ರಶ್ನೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ನಾಣ್ಯ ಯಾವುದು ಅಂತ ಗೊತ್ತಾಗದೆ ಬೆಲೆ ಹೇಳುವುದು ಹೇಗೆ? ಗುರುತು ಹಿಡಿಯಲು ಕೂತಾಗ ನಾನು ಭೂತಗನ್ನಡಿ ತೆಗೆಯುವ ಮೊದಲು ಒಂದು ಮಾತು ಕೇಳುತ್ತೇನೆ: ಇದು ನಿಮ್ಮ ಮನೆಗೆ ಯಾರ ಕೈಯಿಂದ ಬಂತು? ನಮ್ಮ ಭಾಗದ ಮನೆಗಳಿಗೆ ಪರದೇಶದ ದುಡ್ಡು ಬಂದ ದಾರಿಗಳು ಕೆಲವೇ. ದಾರಿ ಗೊತ್ತಾದರೆ ದೇಶ ಅರ್ಧ ಗೊತ್ತಾದ ಹಾಗೆ.

ಗದಗ-ಬೆಟಗೇರಿಯ ಓದುಗರೊಬ್ಬರು: ಅಕ್ಕಾವರಿಗೆ ನಮಸ್ಕಾರ. ನಮ್ಮ ಅಜ್ಜಿಯ ಎಲೆ-ಅಡಿಕೆ ಸಂಚಿಯಲ್ಲಿ ಒಂದು ದೊಡ್ಡ ಬೆಳ್ಳಿ ನಾಣ್ಯ ಸಿಕ್ಕಿದೆ. ಒಂದು ಕಡೆ ತುಂಬಿದ ಮೈಯ ಹೆಂಗಸಿನ ಚಿತ್ರ, ಇನ್ನೊಂದು ಕಡೆ ಎರಡು ತಲೆಯ ಹದ್ದು. 1780 ಅಂತ ಇಸವಿ ಇದೆ. ಅಜ್ಜ ಅರಳೆ ವ್ಯಾಪಾರಕ್ಕೆ ಮುಂಬೈಗೆ ಹೋಗಿ ಬರುತ್ತಿದ್ದರು. ಇದಕ್ಕೆ ಎರಡೂವರೆ ಲಕ್ಷ ಬರುತ್ತದೆ ಅಂತ ಗೆಳೆಯರು ಹೇಳುತ್ತಾರೆ. ನಿಜವೇ?

ಎರಡು ತಲೆಯ ಹಕ್ಕಿ ನೋಡಿದ ಕೂಡಲೇ ನಮಗೆ ಗಂಡಭೇರುಂಡ ನೆನಪಾಗುತ್ತದೆ, ಅಲ್ವಾ? ಇದು ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ಮನೆತನದ ಹದ್ದು. ಆ ಹೆಂಗಸು ರಾಣಿ ಮರಿಯಾ ಥೆರೇಸಾ. ನಾಣ್ಯದ ಹೆಸರು ಥೇಲರ್.

ಈಗ ಇಸವಿಯ ವಿಷಯ. ರಾಣಿ ತೀರಿಕೊಂಡದ್ದು 1780ರ ನವೆಂಬರಿನಲ್ಲಿ. ಆದರೆ ಅರಬ್ ದೇಶಗಳಲ್ಲಿ, ಇಥಿಯೋಪಿಯಾದಲ್ಲಿ ಜನ ಈ ನಾಣ್ಯವನ್ನು ಎಷ್ಟು ನಂಬಿದ್ದರೆಂದರೆ, ಬೇರೆ ಮುಖದ, ಬೇರೆ ಇಸವಿಯ ನಾಣ್ಯವನ್ನು ಮುಟ್ಟುತ್ತಿರಲಿಲ್ಲ. ಕಾಫಿ ಕೊಳ್ಳಲೂ ಇದೇ ಬೇಕು, ಮದುವೆಗೆ ಕೊಡಲೂ ಇದೇ ಬೇಕು. ಹಾಗಾಗಿ ರಾಣಿ ಹೋದ ಮೇಲೂ 1780 ಅಂತಲೇ ಅಚ್ಚು ಹಾಕುತ್ತಾ ಬಂದರು. ವಿಯೆನ್ನಾದಲ್ಲಿ ಮಾತ್ರ ಅಲ್ಲ. ಲಂಡನ್, ಪ್ಯಾರಿಸ್, ರೋಮ್, ಬ್ರಸೆಲ್ಸ್ ಎಲ್ಲ ಕಡೆ ಹಾಕಿದರು. 1940-41ರಲ್ಲಿ ನಮ್ಮ ಬಾಂಬೆ ಟಂಕಸಾಲೆಯಲ್ಲೂ ಹಾಕಿದರು. ನಿಮ್ಮ ಅಜ್ಜ ಮುಂಬೈಗೆ ಓಡಾಡಿದವರು ಅಂದಿರಿ. ಅರಬ್ ವ್ಯಾಪಾರಿಗಳ ಕೈಯಿಂದ ಈ ಬೆಳ್ಳಿ ಮುಂಬೈ ಪೇಟೆಗೆ ಧಾರಾಳವಾಗಿ ಬರುತ್ತಿತ್ತು. ನಿಮ್ಮ ನಾಣ್ಯದ ದಾರಿ ಅದೇ ಇರಬೇಕು.

ಹಾಗಾಗಿ 1780 ಅನ್ನುವುದನ್ನು ಅದು ಹುಟ್ಟಿದ ವರ್ಷ ಅಂತ ತಿಳಿಯಬೇಡಿ. ರಾಣಿಯ ಕಾಲದಲ್ಲೇ ಆದ ಥೇಲರ್ ಸಿಗುವುದು ಅಪರೂಪ. ಮರುಅಚ್ಚು ಎಲ್ಲೆಡೆ ಸಿಗುತ್ತದೆ.

ಅಸಲಿ ಬೆಳ್ಳಿಯೋ ಅಲ್ಲವೋ ಎನ್ನುವುದನ್ನು ಮಾತ್ರ ಮನೆಯಲ್ಲೇ ನೋಡಬಹುದು. ತೂಕ 28.07 ಗ್ರಾಂ ಇರಬೇಕು. ಅಗಲ ಸುಮಾರು 40 ಮಿಲಿಮೀಟರ್. ನಾಣ್ಯದ ಅಂಚನ್ನು ಬೆರಳಿನಿಂದ ಸವರಿ ನೋಡಿ. ಅಲ್ಲಿ ಉಬ್ಬಿದ ಅಕ್ಷರಗಳು, ಬಳ್ಳಿಯ ಚಿತ್ತಾರ ಕೈಗೆ ತಾಗಬೇಕು. ಅದು ಲ್ಯಾಟಿನ್ ಮಾತು, "ನ್ಯಾಯ ಮತ್ತು ದಯೆ" ಎಂದು ಅರ್ಥ. ಅಂಚು ನುಣ್ಣಗಿದ್ದರೆ, ಇಲ್ಲವೇ ಸುತ್ತ ಒಂದು ಬೆಸುಗೆಯ ಗೆರೆ ಕಂಡರೆ, ಅದು ಎರಕ ಹೊಯ್ದ ನಕಲಿ.

ಇನ್ನೂ ಅನುಮಾನ ಇದ್ದರೆ ನೀರಿನ ಪರೀಕ್ಷೆ ಮಾಡಿ. ನಾನು ಎಷ್ಟೋ ಸಲ ಮಾಡಿದ್ದೇನೆ, ನಾಣ್ಯಕ್ಕೆ ಏನೂ ಆಗುವುದಿಲ್ಲ. 0.01 ಗ್ರಾಂ ತನಕ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಬೇಕು. ಮೊದಲು ನಾಣ್ಯ ತೂಗಿ ಬರೆದುಕೊಳ್ಳಿ. ಆಮೇಲೆ ಹಗುರವಾದ ಪ್ಲಾಸ್ಟಿಕ್ ಲೋಟದಲ್ಲಿ ನೀರು ಹಾಕಿ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ನಾಣ್ಯಕ್ಕೆ ತೆಳುವಾದ ದಾರ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ತಳಕ್ಕೂ ಬದಿಗೂ ತಾಗಬಾರದು. ಆಗ ತಕ್ಕಡಿ ತೋರಿಸುವ ಅಂಕಿಯಿಂದ ಮೊದಲಿನ ತೂಕವನ್ನು ಭಾಗಿಸಿ. ನಿಮ್ಮ ಥೇಲರ್ ಅಸಲಿಯಾದರೆ ನೀರಿನಲ್ಲಿ 2.75ರ ಆಸುಪಾಸು ಬರುತ್ತದೆ, ಭಾಗಿಸಿದರೆ 10.2. ತಾಮ್ರ-ನಿಕ್ಕಲ್ಲಿನ ನಕಲಿಯಾದರೆ ಉತ್ತರ 8.9ರ ಹತ್ತಿರ ನಿಲ್ಲುತ್ತದೆ. ಮೇಲೆ ಬೆಳ್ಳಿ ನೀರು ಕುಡಿಸಿದ್ದರೂ ಈ ಲೆಕ್ಕಕ್ಕೆ ಮೋಸ ಮಾಡಲು ಆಗುವುದಿಲ್ಲ.

ಬೆಲೆ? ಇದರಲ್ಲಿ ಸಾವಿರಕ್ಕೆ 833 ಪಾಲು ಬೆಳ್ಳಿ. ಅಂದರೆ 23.38 ಗ್ರಾಂ. ಈ ಹೊತ್ತಿನ ಬೆಳ್ಳಿ ದರದಿಂದ ಗುಣಿಸಿ. ಅದು ನಿಮ್ಮ ಕೆಳಗಿನ ಗೆರೆ, ಅದಕ್ಕಿಂತ ಕಡಿಮೆಗೆ ಯಾರಿಗೂ ಕೊಡಬೇಡಿ. ನಾಣ್ಯ ಚೆನ್ನಾಗಿದ್ದರೆ ಸಂಗ್ರಹಕಾರರು ಅದರ ಮೇಲೆ ಸ್ವಲ್ಪ ಸೇರಿಸಿ ಕೊಡುತ್ತಾರೆ. ಎರಡೂವರೆ ಲಕ್ಷದ ಮಾತು ಬಿಟ್ಟುಬಿಡಿ.

ಸವಣೂರಿನ ಓದುಗರು: 1818ರ ಈಸ್ಟ್ ಇಂಡಿಯಾ ಕಂಪನಿ ನಾಣ್ಯ ನನ್ನ ಹತ್ತಿರ ಇದೆ. ರಾಮ, ಸೀತೆ, ಹನುಮಂತ ಇದ್ದಾರೆ. ಒಬ್ಬರು ಫೋನ್ ಮಾಡಿ ಐದು ಲಕ್ಷ ಕೊಡುತ್ತೇವೆ, ಮೊದಲು ನೋಂದಣಿಗೆ 4,500 ಕಳಿಸಿ ಅಂತಾರೆ. ಕಳಿಸಲಾ?

ಕಳಿಸಬೇಡಿ. ಇವತ್ತೇ ಆ ನಂಬರ್ ಬ್ಲಾಕ್ ಮಾಡಿ.

ಕಂಪನಿ ಇಡೀ ದೇಶಕ್ಕೆ ಒಂದೇ ಬಗೆಯ ನಾಣ್ಯ ತಂದದ್ದು 1835ರಲ್ಲಿ. ಅದರ ಮೇಲೆ ಇದ್ದದ್ದು ಇಂಗ್ಲೆಂಡಿನ ರಾಜನ ಮುಖ. ರಾಮ-ಸೀತೆಯರ ಚಿತ್ರ ಹಾಕಿ 1818 ಅಂತ ಬರೆದ ಬಿಲ್ಲೆಗಳನ್ನು ಆಮೇಲೆ ಪೂಜೆಗೆ, ಯಾತ್ರೆಯ ನೆನಪಿಗೆ ಅಂತ ಮಾಡಿ ಮಾರಿದ್ದಾರೆ. ಅವು ಯಾವತ್ತೂ ದುಡ್ಡಾಗಿ ಓಡಾಡಿಲ್ಲ. ದೇವರ ಮನೆಯಲ್ಲಿ ಇಡಿ, ತಪ್ಪೇನಿಲ್ಲ. ಈ ಬಿಲ್ಲೆ ಅಕ್ಕಿ ಕಾಳನ್ನು ತನ್ನತ್ತ ಎಳೆಯುತ್ತದೆ, ಶಕ್ತಿ ಇದೆ ಅನ್ನುವವರನ್ನು ಮಾತ್ರ ಹೊಸ್ತಿಲಿಗೆ ಬಿಡಬೇಡಿ. ಹಳೆ ನಾಣ್ಯ-ನೋಟಿನ ವ್ಯವಹಾರಕ್ಕೆ ತನ್ನ ಹೆಸರು ಹೇಳಿ ಶುಲ್ಕ, ಕಮಿಷನ್ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲೇ ಪ್ರಕಟಣೆ ಕೊಟ್ಟಿದೆ. ಈಗಾಗಲೇ ದುಡ್ಡು ಕಳಿಸಿದ್ದರೆ ನಾಚಿಕೆ ಪಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಮಾಡುತ್ತೀರೋ ಅಷ್ಟು ಒಳ್ಳೆಯದು.

ನನ್ನ ಕೌಂಟರಿಗೇ ಬಂದು, ಮಗಳ ಮದುವೆಗೆಂದು ಇಟ್ಟ ಹಣ ತೆಗೆದು ಇಂಥವರಿಗೆ ಕಟ್ಟಿದ ಹಿರಿಯರನ್ನು ನೋಡಿದ್ದೇನೆ. ನಾಣ್ಯ ಕೊಳ್ಳುವವನು ನಿಮಗೆ ದುಡ್ಡು ಕೊಡಬೇಕು. ನಿಮ್ಮಿಂದ ಕೇಳಿದನೆಂದರೆ ಅವನು ಕೊಳ್ಳುವವನಲ್ಲ.

ಹಾವೇರಿಯ ನಿವೃತ್ತ ಶಿಕ್ಷಕರು: ನಮ್ಮ ಮುತ್ತಜ್ಜ ಮೊದಲ ಮಹಾಯುದ್ಧದಲ್ಲಿ ಇರಾಕಿನ ಬಸರಾಕ್ಕೆ ಹೋಗಿದ್ದರಂತೆ. ಅವರ ಟ್ರಂಕಿನಲ್ಲಿ ಬಿಳಿ ಲೋಹದ ಮೂರು ನಾಣ್ಯ ಇವೆ. ಇಂಗ್ಲಿಷ್ ಒಂದಕ್ಷರವೂ ಇಲ್ಲ. ಒಂದು ಕಡೆ ಬಳ್ಳಿ ಸುತ್ತಿದಂಥ ಗುರುತು. ಜೊತೆಗೆ ಕುದುರೆ ಸವಾರನ ಚಿತ್ರದ ಒಂದು ಪದಕವೂ ಇದೆ. ಫೋಟೋ ಇಟ್ಟಿದ್ದೇನೆ.

ಗುರುಗಳೇ, ನಿಮ್ಮ ಫೋಟೋ ತುಂಬಾ ಚೆನ್ನಾಗಿ ಬಂದಿದೆ. ಎರಡೂ ಮುಖ, ಪಕ್ಕದಲ್ಲಿ ಸ್ಕೇಲು. ಎಲ್ಲರೂ ಹೀಗೇ ಕಳಿಸಿದರೆ ನನ್ನ ಕೆಲಸ ಹಗುರ.

ಆ ಬಳ್ಳಿಯಂಥ ಗುರುತಿನ ಹೆಸರು ತುಘ್ರಾ. ತುರ್ಕಿಯ ಸುಲ್ತಾನನ ಸಹಿ ಅದು. ಬಸರಾ, ಬಾಗ್ದಾದ್ ಎಲ್ಲ ಆಗ ಅವರ ಕೈಯಲ್ಲಿತ್ತು. ಇನ್ನು ಇಸವಿ. ಅರಬ್ಬಿ ಅಂಕಿ ಓದಲು ಹೆದರಬೇಕಿಲ್ಲ. ನನಗೆ ಅರಬ್ಬಿ ಬರುವುದಿಲ್ಲ, ಅಂಕಿ ಮಾತ್ರ ಒಂದು ಸಂಜೆ ಕೂತು ಕಲಿತೆ. ಸುಮ್ನೆ ಒಂದು ಕಡ್ಡಿ ಇದ್ದರೆ 1. ಕಡ್ಡಿಯ ತಲೆಗೆ ಒಂದು ಕೊಕ್ಕೆ ಇದ್ದರೆ 2, ಎರಡು ಕೊಕ್ಕೆ ಇದ್ದರೆ 3. ತಿರುಗಿಸಿ ಬರೆದ ಇಂಗ್ಲಿಷ್ 3ರಂತಿದ್ದರೆ 4. ಸೊನ್ನೆಯ ಹಾಗೆ ಕಾಣುವುದು 5, ಇಲ್ಲಿ ಬಹಳ ಜನ ಎಡವುತ್ತಾರೆ. ನಮ್ಮ 7ರಂತೆ ಕಾಣುವುದು ಅವರ 6. ಬಾಯಿ ಮೇಲಾದ ಕವಣೆಯಂತೆ ಇದ್ದರೆ 7, ಅದನ್ನೇ ಬೋರಲು ಹಾಕಿದರೆ 8. 9 ನಮ್ಮ 9ರ ಹಾಗೇ. ಬರೀ ಚುಕ್ಕಿ ಇದ್ದರೆ ಸೊನ್ನೆ. ಅಂಕಿಗಳನ್ನು ನಮ್ಮ ಹಾಗೇ ಎಡದಿಂದ ಬಲಕ್ಕೆ ಓದುತ್ತಾರೆ.

ನಿಮ್ಮ ದೊಡ್ಡ ನಾಣ್ಯ ನೋಡಿ: ಕಡ್ಡಿ, ಎರಡು ಕೊಕ್ಕೆ, ಒಂದು ಕೊಕ್ಕೆ, ಕವಣೆ. 1327. ಇದು ಹಿಜರಿ ವರ್ಷ. ಚಂದ್ರನ ಲೆಕ್ಕದ ವರ್ಷ ಸ್ವಲ್ಪ ಗಿಡ್ಡ, ಅದಕ್ಕೆ 0.97ರಿಂದ ಗುಣಿಸಿ 622 ಕೂಡಿಸಬೇಕು. 1909 ಬರುತ್ತದೆ. ಆದರೆ ನಿಮ್ಮ ನಾಣ್ಯ 1909ರದ್ದಲ್ಲ! ತುರ್ಕಿಯವರು ನಾಣ್ಯದ ಮೇಲೆ ಸುಲ್ತಾನ ಪಟ್ಟಕ್ಕೆ ಬಂದ ವರ್ಷ ಹಾಕುತ್ತಿದ್ದರು. ಬೇರೆ ಜಾಗದಲ್ಲಿ ಆತನ ಆಳ್ವಿಕೆಯ ಎಷ್ಟನೇ ವರ್ಷ ಅನ್ನುವ ಸಣ್ಣ ಅಂಕಿ. ನಿಮ್ಮದರಲ್ಲಿ ತಿರುಗಿದ 3 ಕಾಣುತ್ತಿದೆ, ಅಂದರೆ 4. ಐದನೇ ಮೆಹಮೆದ್ ಪಟ್ಟಕ್ಕೆ ಬಂದ ನಾಲ್ಕನೇ ವರ್ಷ, ಸುಮಾರು 1912. ಇದು ನಿಕ್ಕಲ್ಲಿನ 40 ಪಾರಾ, ತುರ್ಕಿಯ ಚಿಲ್ಲರೆ ನಾಣ್ಯ. ಉಳಿದೆರಡು ಇದೇ ಸಾಲಿನ 20 ಮತ್ತು 10 ಪಾರಾ.

ಬೆಲೆ ಕಡಿಮೆ. ಲಕ್ಷಗಟ್ಟಲೆ ಹಾಕಿದ ನಾಣ್ಯಗಳಿವು, ನಿಕ್ಕಲ್ ಬೇರೆ. ಆದರೆ ದಯವಿಟ್ಟು ಮಾರಬೇಡಿ. ಬ್ರಿಟಿಷ್-ಭಾರತ ಸೇನೆ ಬಸರಾ ಹಿಡಿದದ್ದು 1914ರ ನವೆಂಬರಿನಲ್ಲಿ, ಬಾಗ್ದಾದ್ ಹಿಡಿದದ್ದು 1917ರ ಮಾರ್ಚಿನಲ್ಲಿ. ನಮ್ಮ ಸಿಪಾಯಿಗಳ ಹಿಂದೆಯೇ ನಮ್ಮ ರೂಪಾಯಿಯೂ ಅಲ್ಲಿಗೆ ಹೋಯಿತು. 1932ರಲ್ಲಿ ಇರಾಕಿನ ದಿನಾರ್ ಬರುವ ತನಕ ಅಲ್ಲಿ ಓಡಾಡಿದ್ದು ಭಾರತದ ರೂಪಾಯಿ. ತುರ್ಕಿಯ ಚಿಲ್ಲರೆಯನ್ನು ನಿಮ್ಮ ಮುತ್ತಜ್ಜ ಜೇಬಿನಲ್ಲಿಟ್ಟುಕೊಂಡು ಹಾವೇರಿ ತನಕ ತಂದರೆಂದರೆ, ನೆನಪಿಗೆ ಅಂತಲೇ ತಂದಿರಬೇಕು.

ಈಗ ನಿಮ್ಮ ಪದಕ. ನೀವು ಅದರ ಬಗ್ಗೆ ಅರ್ಧ ಸಾಲು ಬರೆದಿದ್ದೀರಿ. ನನಗೆ ಆ ಫೋಟೋ ನೋಡಿ ಮೈ ಜುಮ್ಮೆಂದಿತು. ಕುದುರೆ ಸವಾರ, 1914-1918, ಹಿಂದೆ ಐದನೇ ಜಾರ್ಜ್. ಅದು ಬ್ರಿಟಿಷ್ ವಾರ್ ಮೆಡಲ್. ಸಿಪಾಯಿಗಳಿಗೆ ಕೊಟ್ಟದ್ದು ಬೆಳ್ಳಿಯದು. ಬಿಸಿಲಿಗೆ ಹಿಡಿದು ಅಂಚನ್ನು ನಿಧಾನವಾಗಿ ತಿರುಗಿಸಿ ನೋಡಿ. ಅಂಚಿನ ಮೇಲೆ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ನಂಬರ್, ಹೆಸರು, ಪಲ್ಟನ್ನಿನ ಹೆಸರು ಒತ್ತಿರುತ್ತಾರೆ. ನಿಮ್ಮ ಮುತ್ತಜ್ಜನ ಹೆಸರು ಅಲ್ಲಿ ಇರಬಹುದು. ಸಿಕ್ಕರೆ ನನಗೆ ಖಂಡಿತ ಬರೆಯಿರಿ. ಆ ಪದಕ ಮತ್ತು ಮೂರು ನಾಣ್ಯ ಒಟ್ಟಿಗೇ ಇರಲಿ, ಬೇರೆ ಬೇರೆ ಮಾಡಬೇಡಿ.

ಹುಬ್ಬಳ್ಳಿಯಿಂದ, ಹಳೆ ರೈಲ್ವೆ ಕುಟುಂಬದ ಒಬ್ಬರು: ನಮ್ಮ ಸೋದರಮಾವ ಕ್ಯಾಸಲ್‌ರಾಕ್ ಸ್ಟೇಷನ್ನಿನಲ್ಲಿ ಕೆಲಸಕ್ಕಿದ್ದರು. ಬಿಸ್ಕಿಟ್ ಡಬ್ಬಿಯ ತುಂಬ ನಾಣ್ಯ ಬಿಟ್ಟು ಹೋಗಿದ್ದಾರೆ. ಕೆಲವದರ ಮೇಲೆ 1958, ಒಂದರ ಮೇಲೆ 1882. ಎರಡನ್ನು ಹುಣಸೆಹಣ್ಣಿನಿಂದ ತಿಕ್ಕಿದೆ, ಫಳಫಳ ಆದವು. ಉಳಿದವನ್ನೂ ತಿಕ್ಕಲಾ?

ಬೇಡ, ಬೇಡ. ತಿಕ್ಕಿದ್ದನ್ನು ಅಲ್ಲಿಗೇ ನಿಲ್ಲಿಸಿ!

ನೀವು ಮಾಡಿದ್ದನ್ನು ನಾನೂ ಹನ್ನೆರಡನೇ ವಯಸ್ಸಿನಲ್ಲಿ ಮಾಡಿದ್ದೆ. ತಾಮ್ರದ ಮೇಲೆ ಕೂತ ಕಂದು ಬಣ್ಣ ಕೊಳೆಯಲ್ಲ. ನೂರು ವರ್ಷ ಗಾಳಿ ಕುಡಿದು ಲೋಹವೇ ಹೊದ್ದುಕೊಂಡ ಹೊದಿಕೆ ಅದು. ಹುಣಸೆಯ ಹುಳಿ ಅದನ್ನು ಕಿತ್ತು ಹಾಕುತ್ತದೆ. ಜೊತೆಗೆ ಸಣ್ಣ ಸಣ್ಣ ಗೆರೆಗಳನ್ನೂ ಅಳಿಸುತ್ತದೆ. ತಂಬಿಗೆಗೆ ಹುಣಸೆ ಸರಿ. ನಾಣ್ಯಕ್ಕೆ ಹುಣಸೆ, ವಿಭೂತಿ, ಟೂತ್‌ಪೇಸ್ಟ್ ಯಾವುದೂ ಬೇಡ. ತಿಕ್ಕಿದ ನಾಣ್ಯವನ್ನು ವ್ಯಾಪಾರಿ ಒಂದೇ ನೋಟಕ್ಕೆ ಗುರುತಿಸುತ್ತಾನೆ, ಬೆಲೆ ಅರ್ಧಕ್ಕೆ ಇಳಿಸುತ್ತಾನೆ. ಮಣ್ಣು ಮೆತ್ತಿದ್ದರೆ ಬ್ಯಾಟರಿಗೆ ಹಾಕುವ ಶುದ್ಧ ನೀರಿನಲ್ಲಿ ಒಂದು ದಿನ ನೆನೆಸಿ, ಮೆತ್ತನೆ ಬಟ್ಟೆಯ ಮೇಲಿಟ್ಟು ಆರಿಸಿ. ಒರೆಸಬೇಡಿ. ಪಿವಿಸಿ ಪ್ಲಾಸ್ಟಿಕ್ ಚೀಲದಲ್ಲೂ ಇಡಬೇಡಿ, ವರ್ಷಗಳು ಕಳೆದಂತೆ ಹಸಿರು ಜಿಡ್ಡು ಹತ್ತುತ್ತದೆ. ಸಣ್ಣ ಕಾಗದದ ಪಾಕೀಟು ಸಾಕು.

ಇನ್ನು ಗುರುತು. ಕ್ಯಾಸಲ್‌ರಾಕ್ ಅಂದ ಮೇಲೆ ಅರ್ಧ ಉತ್ತರ ನೀವೇ ಕೊಟ್ಟಿರಿ. ಅದು ನಮ್ಮ ಕಡೆಯ ಗಡಿ ಸ್ಟೇಷನ್. ಘಟ್ಟ ಇಳಿದರೆ ಪೋರ್ಚುಗೀಸರ ಗೋವಾ. ಹುಬ್ಬಳ್ಳಿ, ಧಾರವಾಡದ ರೈಲ್ವೆ ಮನೆಗಳಲ್ಲಿ ಗೋವಾದ ಹಳೆ ದುಡ್ಡು ನಾನು ನೋಡಿದಷ್ಟು ಬೇರೆ ಯಾವ ದೇಶದ್ದೂ ನೋಡಿಲ್ಲ.

1882ರದ್ದು ಬೆಳ್ಳಿಯ ರೂಪಿಯಾ. ಒಂದು ಕಡೆ ರಾಜ ಲೂಯಿಸ್, ಇನ್ನೊಂದು ಕಡೆ ಕಿರೀಟದ ಕೆಳಗೆ ಗುರಾಣಿ. "ಇಂಡಿಯಾ ಪೋರ್ಚುಗೀಜಾ" ಅಂತ ಇದೆ. ತೂಕ 11.66 ಗ್ರಾಂ, ಸಾವಿರಕ್ಕೆ 917 ಪಾಲು ಬೆಳ್ಳಿ. ರಾಣಿ ವಿಕ್ಟೋರಿಯಾ ರೂಪಾಯಿಯದ್ದೂ ಸರಿಯಾಗಿ ಇದೇ ತೂಕ, ಇದೇ ಬೆಳ್ಳಿ. ಬೇಕಂತಲೇ ಹಾಗೆ ಮಾಡಿದ್ದರು. ಹತ್ತಿರ ಇದ್ದರೆ ಎರಡನ್ನೂ ತಕ್ಕಡಿಯ ಎರಡು ತಟ್ಟೆಯಲ್ಲಿ ಇಟ್ಟು ನೋಡಿ, ಮುಳ್ಳು ಅಲುಗಬಾರದು. ಇದಕ್ಕೆ ಬೆಳ್ಳಿಯ ಬೆಲೆಗಿಂತ ಜಾಸ್ತಿ ಬರುತ್ತದೆ. ಎಷ್ಟು ಜಾಸ್ತಿ ಅನ್ನುವುದು ರಾಜನ ಕೂದಲಿನ ಎಳೆ ಎಷ್ಟು ಉಳಿದಿವೆ ಅನ್ನುವುದರ ಮೇಲೆ. ಸವೆದು ನುಣುಪಾದದ್ದಕ್ಕೂ ಎಳೆ ಎಳೆ ಕಾಣುವುದಕ್ಕೂ ಮೂರು-ನಾಲ್ಕು ಪಟ್ಟು ಅಂತರ ಇರಬಹುದು.

ರಾಜ ಇದ್ದರೆ 1910ಕ್ಕಿಂತ ಹಿಂದಿನದು ಅಂತ ತಿಳಿಯಿರಿ. ಆ ವರ್ಷ ಪೋರ್ಚುಗಲ್ ಗಣರಾಜ್ಯ ಆಯಿತು. ಆಮೇಲಿನವುಗಳಲ್ಲಿ ರಾಜನ ಮುಖ ಇಲ್ಲ. 1958ರವು ಸೆಂಟಾವೊ ಮತ್ತು ಎಸ್ಕುದೊ. ಅದುವರೆಗೆ ಗೋವಾದಲ್ಲೂ ರೂಪಾಯಿಯ ಲೆಕ್ಕವೇ ಇತ್ತು. ಆಗ ಒಂದು ರೂಪಿಯಾಕ್ಕೆ ಆರು ಎಸ್ಕುದೊ ಅಂತ ಬದಲಿಸಿದರು. 1961ರ ಡಿಸೆಂಬರಿನಲ್ಲಿ ಗೋವಾ ಬಿಡುಗಡೆ ಆಯಿತು. ಮೂರೇ ವರ್ಷ ಬಾಳಿದ ದುಡ್ಡು ಇದು. ಅಷ್ಟು ಕಡಿಮೆ ಕಾಲ ಬಾಳಿತು ಅಂತ ಅಪರೂಪ ಅಂದುಕೊಳ್ಳಬೇಡಿ. ಜನರ ಮನೆಯಲ್ಲಿ ಹಾಗೇ ಉಳಿದುಬಿಟ್ಟಿವೆ, ಸುಲಭವಾಗಿ ಸಿಗುತ್ತವೆ.

ಡಬ್ಬಿಯಲ್ಲಿದ್ದ ಉಳಿದವನ್ನು ನ್ಯೂಮಿಸ್ಟಾ ಅನ್ನುವ ಜಾಲತಾಣದಲ್ಲಿ ನೀವೇ ಹುಡುಕಬಹುದು, ಕಾಣುವ ಅಕ್ಷರ, ಅಗಲ, ತೂಕ ಹಾಕಿದರೆ ಸಿಗುತ್ತದೆ. ಬೆಲೆ ನೋಡುವಾಗ ಒಂದು ಎಚ್ಚರ ಇರಲಿ. ಮಾರುವವರು ಕೇಳುವ ಬೆಲೆ ನೋಡಬೇಡಿ. ನಿಜವಾಗಿ ಹರಾಜಾಗಿ ಹೋದ ಬೆಲೆ ನೋಡಿ. ವ್ಯಾಪಾರಿ ನಿಮ್ಮಿಂದ ಕೊಳ್ಳುವಾಗ ಅದಕ್ಕಿಂತಲೂ ಕಡಿಮೆ ಕೊಡುತ್ತಾನೆ. ಅವನಿಗೂ ಅಂಗಡಿ ನಡೆಯಬೇಕಲ್ಲ.

ಧಾರವಾಡದ ಗೃಹಿಣಿಯೊಬ್ಬರು: ಅತ್ತೆಯವರು ಕೊಟ್ಟ ಪುತಳಿ ಸರದಲ್ಲಿ ಇಪ್ಪತ್ತೆರಡು ಪುತಳಿ ಇವೆ. ಮುರಿಸಿ ಹೊಸ ನಮೂನೆ ಮಾಡಿಸಬೇಕೆಂದಿದ್ದೆ. ಸರಾಫರ ಅಂಗಡಿಯಲ್ಲಿ ಒಬ್ಬ ಹಿರಿಯರು "ಇದರಲ್ಲಿ ಒಂದೆರಡು ಪರದೇಶದವು ಇದ್ದ ಹಾಗಿದೆ, ಕೇಳಿಕೊಂಡು ಬನ್ನಿ" ಅಂದರು. ಚಿನ್ನದ ಸರದಲ್ಲಿ ಪರದೇಶದ ನಾಣ್ಯ ಹೇಗೆ ಬರುತ್ತದೆ?

ತಂಗಿ, ಆ ಹಿರಿಯರಿಗೆ ಒಂದು ನಮಸ್ಕಾರ ಹೇಳು. ಸರ ಮುರಿಸುವುದನ್ನು ಸ್ವಲ್ಪ ತಡೆ.

ಪುತಳಿ ಅಂದರೆ ಗೊಂಬೆ. ಬಿಲ್ಲೆಯ ಮೇಲೆ ಎರಡು ಗೊಂಬೆ ಇವೆಯಲ್ಲ, ನಡುವೆ ಒಂದು ಕೋಲು? ನಮ್ಮ ಅವ್ವ ಅದನ್ನು ರಾಮ-ಸೀತೆ ಅನ್ನುತ್ತಿದ್ದಳು. ಕೆಲವರು ಲಕ್ಷ್ಮೀ-ನಾರಾಯಣ ಅನ್ನುತ್ತಾರೆ. ಮೂಲದಲ್ಲಿ ಅದು ಇಟಲಿಯ ವೆನಿಸ್ ನಗರದ ಡುಕಾಟ್. ನಿಂತವನು ಸಂತ ಮಾರ್ಕ್, ಮೊಣಕಾಲೂರಿ ಬಾವುಟದ ಕೋಲು ಹಿಡಿದವನು ವೆನಿಸ್ಸಿನ ದೊರೆ. ಅವರನ್ನು ಡೋಜ್ ಅಂತ ಕರೆಯುತ್ತಾರೆ. ಹಿಂದಿನ ಮುಖದಲ್ಲಿ ಮೊಟ್ಟೆಯಾಕಾರದ ಪ್ರಭಾವಳಿ, ಅದರೊಳಗೆ ನಕ್ಷತ್ರಗಳ ನಡುವೆ ನಿಂತ ಏಸು. ವೆನಿಸ್ ಈ ನಾಣ್ಯವನ್ನು 1284ರಲ್ಲಿ ಶುರು ಮಾಡಿತು. 1797ರಲ್ಲಿ ಆ ಗಣರಾಜ್ಯ ಬೀಳುವ ತನಕ ಚಿತ್ರವನ್ನೂ ತೂಕವನ್ನೂ ಹೆಚ್ಚುಕಡಿಮೆ ಬದಲಿಸಲೇ ಇಲ್ಲ. 3.5 ಗ್ರಾಂ, ಬಹುತೇಕ ಅಪ್ಪಟ ಚಿನ್ನ. ನಮ್ಮ ಕರಾವಳಿಯ ಮೆಣಸಿಗೆ ಬದಲಾಗಿ ಈಜಿಪ್ಟ್, ಕೆಂಪು ಸಮುದ್ರದ ದಾರಿಯಲ್ಲಿ ಈ ಚಿನ್ನ ಬಂದು ಇಳಿಯಿತು. ಬಂದದ್ದು ವಾಪಸು ಹೋಗಲಿಲ್ಲ. ಹೆಣ್ಣುಮಕ್ಕಳ ಕೊರಳಿಗೆ ಏರಿತು.

ಅಸಲಿ ಸಾಲದಾದಾಗ ನಮ್ಮ ಪತ್ತಾರರು ಅದನ್ನೇ ನೋಡಿ ಅಚ್ಚು ಮಾಡಿಕೊಂಡರು. ಲ್ಯಾಟಿನ್ ಓದಲು ಬಾರದ ಕೈ, ಕಣ್ಣಿಗೆ ಕಂಡ ಅಕ್ಷರವನ್ನು ಗೀಟು, ಚುಕ್ಕಿಯಾಗಿ ಇಳಿಸಿತು. ಹಾಗಾಗಿ ಒಂದೇ ಸರದಲ್ಲಿ ವೆನಿಸ್ಸಿನದೂ ಇರುತ್ತದೆ, ಇಲ್ಲಿಯದೂ ಇರುತ್ತದೆ.

ಬೇರ್ಪಡಿಸುವುದು ಹೇಗೆ ಅಂತ ಹೇಳುತ್ತೇನೆ. ನನ್ನ ಹತ್ತಿರ ಒಂದೇ ಒಂದು ಪುತಳಿ ಇದೆ. ಇದನ್ನು ಬರೆಯುವಾಗ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಹಿತ್ತಲ ಬಾಗಿಲ ಹತ್ತಿರ ಬೆಳಗಿನ ಓರೆ ಬಿಸಿಲಿನಲ್ಲಿ, ಭೂತಗನ್ನಡಿ ಹಿಡಿದು ನೋಡಬೇಕು. ಮೇಲಿನ ಬೆಳಕು ಬೇಡ, ಓರೆ ಬೆಳಕೇ ಬೇಕು, ಆಗ ಸವೆದ ಅಕ್ಷರಕ್ಕೂ ನೆರಳು ಬೀಳುತ್ತದೆ. ಕೋಲಿನ ಪಕ್ಕ ಮೇಲಿನಿಂದ ಕೆಳಗೆ ಮೂರು ಅಕ್ಷರ: ಡಿ, ವಿ, ಎಕ್ಸ್. ದೊರೆ ಅಂತ ಅರ್ಥ. ಬಲ ಅಂಚಿನಲ್ಲಿ ದೊರೆಯ ಹೆಸರು. ನನ್ನದರಲ್ಲಿ ಪಿ-ಎ-ವಿ-ಎಲ್, ಆಮೇಲೆ ಆರ್-ಎ-ಐ-ಎನ್-ಇ-ಆರ್. ಪಾವ್ಲೊ ರೆನಿಯೆರ್, 1779ರಿಂದ 1789ರ ತನಕ ಆಳಿದವನು. ಎಡ ಅಂಚಿನಲ್ಲಿ ವೆನಿಸ್ಸಿನ ಸಂತ ಮಾರ್ಕನ ಹೆಸರು. ಸಂತನ ಗಡ್ಡದ ಎಳೆಗಳು ಸವೆದು ಹೋಗಿವೆ, ಅವ್ವನ ಸೀರೆಗೆ ಉಜ್ಜಿ ಉಜ್ಜಿ. ಮೇಲೆ ಕೊಂಡಿ ಬೆಸೆದ ಕಡೆ ಚಿನ್ನ ಸ್ವಲ್ಪ ಕೆಂಪಗಿದೆ.

ನಿನ್ನ ಇಪ್ಪತ್ತೆರಡನ್ನೂ ಹೀಗೆ ಒಂದೊಂದಾಗಿ ನೋಡು. ಅಕ್ಷರ ಅಕ್ಷರವಾಗಿ ಓದಲು ಬಂದರೆ, ದೊರೆಯ ಹೆಸರು ನಿಜವಾದ ಹೆಸರಾಗಿದ್ದರೆ, ಅದನ್ನು ಬೇರೆ ಇಡು. ಗೀಟು-ಚುಕ್ಕಿ ಮಾತ್ರ ಇದ್ದರೆ ಇಲ್ಲಿಯದು. ಚಿನ್ನ ಎಷ್ಟು ಅಪ್ಪಟ ಅಂತ ತಿಳಿಯಲು ಕ್ಯಾರೆಟ್ ಮೀಟರ್ ಇರುವ ಅಂಗಡಿಗೆ ಹೋಗು, ಗೀರದೆ ಹೇಳುತ್ತದೆ. ಒರೆಗಲ್ಲಿಗೆ ಉಜ್ಜಲು ಬಿಡಬೇಡ. ಥೇಲರಿಗೆ ಹೇಳಿದ ನೀರಿನ ಪರೀಕ್ಷೆಯೂ ಇಷ್ಟು ಸಣ್ಣ ನಾಣ್ಯಕ್ಕೆ ಸರಿ ಬರುವುದಿಲ್ಲ, ಲೆಕ್ಕ ತಪ್ಪುತ್ತದೆ. ಕೊಂಡಿ ಬೆಸೆದದ್ದರಿಂದ ಸಂಗ್ರಹಕಾರರು ಕೊಡುವ ಬೆಲೆ ಕಡಿಮೆ ಆಗುತ್ತದೆ, ಅದು ನಿಜ. ಆದರೂ ಅಸಲಿ ಡುಕಾಟಿಗೆ ಬರೀ ಚಿನ್ನದ ತೂಕದ ಬೆಲೆ ಕಟ್ಟುವುದು ಅನ್ಯಾಯ. ಕೊಂಡಿ ಕೀಳಿಸಲು ಮಾತ್ರ ಹೋಗಬೇಡ, ಇನ್ನೂ ಹಾಳಾಗುತ್ತದೆ.

ನನ್ನ ಅವ್ವನ ಸರದಲ್ಲಿ ಹದಿನೆಂಟು ಇದ್ದವು. ಅಕ್ಕನ ಮದುವೆಗೆ 1974ರಲ್ಲಿ ಅಪ್ಪ ಅದನ್ನು ಒಂದು ಅಂಗಡಿಗೆ ಕೊಟ್ಟು ಬಂದರು. ತೂಕ ಹಾಕಿದರು, ಬೆಸುಗೆಯ ಕಳೆ ಅಂತ ತೂಕದಲ್ಲಿ ಇಷ್ಟು ಕಳೆದರು, ಕರಗಿಸಿದರು. ಯಾರೂ ಒಂದನ್ನೂ ತಿರುಗಿಸಿ ನೋಡಲಿಲ್ಲ. ಇದೊಂದು ಮಾತ್ರ ದಾರ ಕಿತ್ತು ಅಕ್ಕಿ ಡಬ್ಬಿಯಲ್ಲಿ ಬಿದ್ದು ಉಳಿದಿತ್ತು. ಇದರ ಮೇಲಿನ ಹೆಸರನ್ನು ನಾನು ಓದಿದ್ದು ಇಪ್ಪತ್ತು ವರ್ಷ ಕಳೆದ ಮೇಲೆ. ಉಳಿದ ಹದಿನೇಳರಲ್ಲಿ ಏನೇನು ಇತ್ತು ಎಂದು ಈಗ ಯಾರನ್ನು ಕೇಳುವುದು? ಅದಕ್ಕೇ ಇಷ್ಟು ಉದ್ದ ಬರೆದೆ. ಹೊಸ ನಮೂನೆ ಬೇಕೆಂದರೆ ಇಲ್ಲಿಯ ಪುತಳಿಗಳನ್ನು ಮುರಿಸು, ಅದು ನಿನ್ನ ಒಡವೆ, ನಿನ್ನ ಇಷ್ಟ. ವೆನಿಸ್ಸಿನವನ್ನು ಒಂದು ಸಣ್ಣ ಸರ ಮಾಡಿಸಿ ಕೊರಳಿಗೇ ಹಾಕಿಕೋ.

ಹಾನಗಲ್ ತಾಲೂಕಿನ ರೈತರು: ಹೊಲ ಊಳುವಾಗ ಹಳದಿ ಲೋಹದ ಸಣ್ಣ ನಾಣ್ಯ ಸಿಕ್ಕಿದೆ. ಯಾರದೋ ಮುಖ ಇದೆ. ಸುಮ್ನೆ ಇಟ್ಟುಕೊಳ್ಳಬಹುದಾ?

ಇಟ್ಟುಕೊಳ್ಳಬೇಡಿ ಅಣ್ಣಾ, ಮಾರಲೂ ಬೇಡಿ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರಕಾರಕ್ಕೆ ತಿಳಿಸಬೇಕು ಅನ್ನುವ ಕಾನೂನು 1878ರಿಂದಲೂ ಇದೆ. ಜಿಲ್ಲಾಧಿಕಾರಿಗೆ ಬರೆದು ಕೊಟ್ಟು, ಸ್ವೀಕೃತಿ ತೆಗೆದುಕೊಳ್ಳಿ. ಸಿಕ್ಕ ಜಾಗ ಅಗೆಯಬೇಡಿ, ಗುರುತು ಮಾತ್ರ ಇಡಿ. ನಿಮ್ಮ ತಾಲೂಕಿನ ಅಕ್ಕಿಆಲೂರಿನಲ್ಲೇ ಹಿಂದೆ ರೋಮನ್ ಚಕ್ರವರ್ತಿಗಳ ಚಿನ್ನದ ನಾಣ್ಯಗಳ ಗಂಟು ಸಿಕ್ಕಿತ್ತು. ಅಂಥ ನಾಣ್ಯಕ್ಕೆ ಅದು ಸಿಕ್ಕ ಹೊಲವೇ ಅರ್ಧ ಚರಿತ್ರೆ. ನೂರು ವರ್ಷ ದಾಟಿದ ನಾಣ್ಯವನ್ನು ಅನುಮತಿ ಇಲ್ಲದೆ ದೇಶದ ಹೊರಗೆ ಕಳಿಸುವಂತಿಲ್ಲ. ಅದು ಎಲ್ಲರಿಗೂ ನೆನಪಿರಲಿ.

ರಾಣೆಬೆನ್ನೂರಿನ ಎಂಟನೇ ಇಯತ್ತೆಯ ಹುಡುಗ: ಜಾತ್ರೆಯಲ್ಲಿ 30 ರೂಪಾಯಿ ಕೊಟ್ಟು ತೂತಿನ ನಾಣ್ಯ ತಗೊಂಡೆ. ನಮ್ಮಜ್ಜನ ಹತ್ತಿರ ಇರುವ ತೂತು ಬಿಲ್ಲಿಗಿಂತ ದೊಡ್ಡದು. ಈಸ್ಟ್ ಆಫ್ರಿಕಾ, 10 ಸೆಂಟ್ಸ್, 1936 ಅಂತ ಇದೆ. ತೂತಿನ ಸುತ್ತ ಕೊಂಬಿನಂಥದ್ದು ಏನದು?

ತಮ್ಮಾ, ಅವು ಆನೆಯ ದಂತ. ಕೀನ್ಯಾ, ಉಗಾಂಡಾ, ಟಾಂಗಾನ್ಯಿಕಾ ಸೇರಿದ ಬ್ರಿಟಿಷ್ ಪೂರ್ವ ಆಫ್ರಿಕಾದ ಕಂಚಿನ ನಾಣ್ಯ ಇದು. ಅಲ್ಲಿಯೂ 1920ರ ತನಕ ರೂಪಾಯಿಯ ಲೆಕ್ಕವೇ ಇತ್ತು, ಶಿಲ್ಲಿಂಗ್ ಬಂದದ್ದು ಆಮೇಲೆ. ನಿಮ್ಮಜ್ಜನ ತೂತು ಬಿಲ್ಲಿ ನಮ್ಮದೇ ಒಂದು ಪೈಸೆ, 1943ರಿಂದ 47ರ ನಡುವಿನದು, ಯುದ್ಧದ ಕಾಲದಲ್ಲಿ ಲೋಹ ಉಳಿಸಲು ತೂತು ಮಾಡಿದ್ದರು. ಎರಡನ್ನೂ ಜೊತೆಗೆ ಇಟ್ಟುಕೋ.

ಈಗ ಭೂತಗನ್ನಡಿ ತಗೊಂಡು ಕಿರೀಟದ ಪಕ್ಕದ ಅಕ್ಷರ ಓದು. ನೀನು ಕಳಿಸಿದ ಫೋಟೋದಲ್ಲಿ ನನಗೆ "ಎಡ್ವರ್ಡಸ್ ಎಂಟು" ಅಂತ ಕಾಣುತ್ತಿದೆ. ಎಂಟನೇ ಎಡ್ವರ್ಡ್ ರಾಜನಾಗಿದ್ದು 1936ರ ಜನವರಿಯಿಂದ ಡಿಸೆಂಬರ್ ತನಕ, ವರ್ಷವೂ ತುಂಬಲಿಲ್ಲ. ಪಟ್ಟಾಭಿಷೇಕಕ್ಕೆ ಮೊದಲೇ ಸಿಂಹಾಸನ ಬಿಟ್ಟ. ಇಲ್ಲಿಯ ಬ್ರಿಟಿಷ್ ಸರಕಾರ ಅವನ ಹೆಸರಿನ ನಾಣ್ಯ ಹಾಕಲೇ ಇಲ್ಲ. ಆಫ್ರಿಕಾದ ತೂತಿನ ನಾಣ್ಯಕ್ಕೆ ರಾಜನ ಮುಖ ಬೇಕಿರಲಿಲ್ಲ, ಹೆಸರು ಸಾಕಿತ್ತು. ಹಾಗಾಗಿ ಅದು ಬೇಗ ಅಚ್ಚಾಗಿ ಹೊರಗೆ ಬಂತು. ತುಂಬಾ ಹಾಕಿದ್ದರಿಂದ ದೊಡ್ಡ ಬೆಲೆ ಇಲ್ಲ. ಆದರೆ 30 ರೂಪಾಯಿಗೆ ನೀನು ತಂದದ್ದು ಒಳ್ಳೆಯ ನಾಣ್ಯ.

ಕೆಳಗೆ ಎಲ್ಲಾದರೂ ಸಣ್ಣ "ಎಚ್" ಅಥವಾ "ಕೆಎನ್" ಇದೆಯಾ ನೋಡು. ಎರಡೂ ಬರ್ಮಿಂಗ್‌ಹ್ಯಾಮ್ ಊರಿನ ಟಂಕಸಾಲೆಗಳ ಗುರುತು. ಒಂದು ಕಾಗದದ ಪಾಕೀಟು ಮಾಡಿ, ಅದರ ಮೇಲೆ ಪೆನ್ಸಿಲ್ಲಿನಲ್ಲಿ ದೇಶ, ಇಸವಿ, ಯಾವ ಜಾತ್ರೆ, ಯಾವ ದಿನ, ಎಷ್ಟು ಕೊಟ್ಟೆ ಅಂತ ಬರೆ. ಗುರುತು ಏನು ಸಿಕ್ಕಿತು ಅಂತ ಮುಂದಿನ ತಿಂಗಳು ನನಗೆ ತಿಳಿಸು.